ಕೊನೆಯ ಪೆಗ್ಗು, ಕೊನೆಯ ಬೀಡಿ

ಮಂಗಳವಾರ, 12 ನವೆಂಬರ್ 2024

ಸ್ಕಿಜೋಫ್ರೇನಿಯಾದ (ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಮಾನಸಿಕ ಕಾಯಿಲೆ) ಜೊತೆಗೆ ಕುಡಿತವೂ ಇರುವವರು ಅಡ್ಮಿಟ್ ಆದರೆ ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಇರಬೇಕಾದ್ದು ಎರಡು: ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಎಷ್ಟು. ‘ಸ್ವಲ್ಪ’ ಎಂಬ ಉತ್ತರ ಬರೆದುಕೊಂಡು ಪ್ರಯೋಜನವಿಲ್ಲ. ನೈಂಟಿಯೋ ಕ್ವಾರ್ಟರೋ ಎಂದೇ ಕೇಳಬೇಕು. 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ.

ಕುಡಿತ ನಿಂತ 6–8 ಗಂಟೆಗೆ ನಡುಕ ಶುರು. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಡೆಲಿರಿಯಂ, ಅಂದರೆ ಇಲ್ಲದ್ದು ಕಾಣುವ ತೀವ್ರ ಗಲಿಬಿಲಿ, ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಆ ಹೊತ್ತಿನಲ್ಲಿ ರೋಗಿ ಗೋಡೆ ಮೇಲೆ ಹುಳ ಹರಿಯುತ್ತಿದೆ ಎಂದರೆ ‘ಹಳೇ ಕಾಯಿಲೆ ಕೆದರಿತು’ ಎಂದುಕೊಂಡು ಭ್ರಮೆ ತಗ್ಗಿಸುವ ಹ್ಯಾಲೊಪೆರಿಡಾಲ್ ಒಂದನ್ನೇ ಚುಚ್ಚುವುದುಂಟು. ಅದರಿಂದ ಫಿಟ್ಸ್ ಸಾಧ್ಯತೆ ಹೆಚ್ಚುತ್ತದೆ. ಬೆವರು, ಓಡುವ ನಾಡಿ, ಇವತ್ತು ಯಾವ ವಾರ ಎಂಬುದೂ ಗೊತ್ತಿಲ್ಲದ ಗಲಿಬಿಲಿ ಕಂಡರೆ ಬೇಕಾದ್ದು ನಡುಕ, ಫಿಟ್ಸ್ ತಡೆದು ಶಾಂತಗೊಳಿಸುವ ಲೊರಾಜೆಪಾಮ್. ಲಿವರ್ ಕೆಟ್ಟಿದ್ದವರಿಗೆ ಅದೇ ಗುಂಪಿನ ಡಯಜೆಪಾಮ್‌ಗಿಂತ ಇದೇ ವಾಸಿ. ಗ್ಲೂಕೋಸ್ ಬಾಟಲಿ ಏರಿಸುವ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಹೋಗಿರಬೇಕು. ಇಲ್ಲದಿದ್ದರೆ ಮೆದುಳಿಗೆ ಪೆಟ್ಟು.

ಇಷ್ಟನ್ನು ಹೆಚ್ಚಿನವರು ನೋಡುತ್ತಾರೆ. ಬೀಡಿಯನ್ನು ಲೆಕ್ಕಕ್ಕೆ ಇಡುವವರು ಕಡಿಮೆ. ಹೊಗೆಯಲ್ಲಿನ ಹೈಡ್ರೋಕಾರ್ಬನ್‌ಗಳು ಔಷಧಿ ಒಡೆಯುವ ಲಿವರಿನ ಸಿವೈಪಿ1ಎ2 ಕಿಣ್ವವನ್ನು ಚುರುಕು ಮಾಡುವುದರಿಂದ ಸ್ಕಿಜೋಫ್ರೇನಿಯಾದ ಮಾತ್ರೆಗಳಾದ ಕ್ಲೋಜಪಿನ್, ಓಲಾಂಜಪಿನ್ ಬೇಗ ಖರ್ಚಾಗುತ್ತವೆ. ವಾರ್ಡಿನಲ್ಲಿ ಬೀಡಿ ನಿಂತಿತೋ, ವಾರದೊಳಗೆ ಅದೇ ಡೋಸ್‌ನಲ್ಲಿ ರಕ್ತದ ಕ್ಲೋಜಪಿನ್ ಮಟ್ಟ ಒಂದೂವರೆ ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು. ದಿಂಬು ನೆನೆಯುವಷ್ಟು ಜೊಲ್ಲು, ಮಲಬದ್ಧತೆ, ಹಗಲೆಲ್ಲ ಮಂಪರು. ಮಂಪರಿನ ತಪ್ಪನ್ನು ಲೊರಾಜೆಪಾಮ್ ತಲೆಗೆ ಕಟ್ಟುವುದು ಸುಲಭ. ನಿಕೋಟಿನ್ ಗಮ್ ಚಪಲಕ್ಕೆ ಒಳ್ಳೆಯದೇ, ಆದರೆ ಅದರಲ್ಲಿ ಹೊಗೆಯಿಲ್ಲವಲ್ಲ, ಕಿಣ್ವದ ಮೇಲೆ ಪರಿಣಾಮವೂ ಇಲ್ಲ.

ಡಿಸ್ಚಾರ್ಜ್ ಆದ ಮೇಲೆ ಎಲ್ಲ ಉಲ್ಟಾ. ಗೇಟಿನಾಚೆ ಗೂಡಂಗಡಿ ಇದ್ದೇ ಇರುತ್ತದೆ, ಬೀಡಿ ಮತ್ತೆ ಶುರು. ಮಂಪರಿಗೆಂದು ವಾರ್ಡಿನಲ್ಲಿ ಇಳಿಸಿದ ಡೋಸ್ ಸಾಲದೆ ಕಿವಿಯಲ್ಲಿ ದನಿಗಳು ಮರಳುತ್ತವೆ. ಮನೆಯವರು ‘ಮಾತ್ರೆ ನುಂಗಿಲ್ಲ’ ಎಂದು ಬೈಯುತ್ತಾರೆ, ಪಾಪ ನುಂಗಿರುತ್ತಾರೆ. ಮೊದಲ ರಿವ್ಯೂ ತಿಂಗಳಿಗೆ ಬೇಡ, ವಾರಕ್ಕೇ ಇರಲಿ, ಬೀಡಿ ದಿನಕ್ಕೆಷ್ಟು ಎಂದು ಕೇಳಿಯೇ ಡೋಸ್ ಬರೆಯಲಿ.

ಮನೆಯವರು ಕೇಳುವ ‘ಕುಡಿತ ಬಿಡಿಸೋ ಮಾತ್ರೆ’ ಸಾಮಾನ್ಯವಾಗಿ ಡೈಸಲ್ಫಿರಾಮ್, ಮದ್ಯದ ಜೊತೆ ಸೇರಿದರೆ ಮೈ ಕೆಡಿಸುವಂಥದ್ದು. ಸೈಕೋಸಿಸ್ (ಭ್ರಮೆ, ಇಲ್ಲದ ದನಿಗಳು) ಇರುವವರಲ್ಲಿ ಅದು ಕಾಯಿಲೆಯನ್ನೇ ಕೆದಕಬಹುದು. ಸಾರಿನಲ್ಲಿ ಬೆರೆಸಿ ಕೊಡುವ ಮಾತಂತೂ ಬೇಡವೇ ಬೇಡ: ಅದು ಗೊತ್ತಿಲ್ಲದೆ ಮದ್ಯ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಬಂದೀತು.