ಬಚ್ಚಲ ಒಲೆಯ ಬಿಸಿಗಾಳಿ ಮತ್ತು ನಮ್ಮ ಲ್ಯಾಬಿನ ಲೇಸರ್

ಮೊನ್ನೆ ಶಿರಸಿಗೆ ಮನೆಗೆ ಹೋದಾಗ ಬೆಳಗ್ಗೆ ಬಚ್ಚಲ ಒಲೆಗೆ ಬೆಂಕಿ ಮಾಡ್ತಾ ಕೂತಿದ್ದೆ. ಹೊರಗೆ ಮಳೆ. ಹಂಡೆ ಪಕ್ಕದಿಂದ ಮೇಲೇಳೋ ಬಿಸಿಗಾಳಿಯ ಆಚೆ ಒಟ್ಟಿಟ್ಟ ಕಟ್ಟಿಗೆ ರಾಶಿ ನೀರೊಳಗೆ ಇದ್ದಂಗೆ ಅಲ್ಲಾಡ್ತಾ ಇತ್ತು, ನಾನು ಅದನ್ನೇ ನೋಡ್ತಾ ಬೆಂಕಿ ಮರೆತುಬಿಟ್ಟೆ. ಆಯಿ ಬಂದು "ಎಂತದಾ ತಮಾ, ಎಂತ ನೋಡ್ತಾ ಇದ್ದೆ?" ಅಂದ್ಲು. "ಎಂತದೂ ಇಲ್ಲೆ ಆಯಿ" ಅಂದೆ. ಆದ್ರೆ ನೋಡ್ತಾ ಇದ್ದಿದ್ದು ವರ್ಷದಿಂದ ಲ್ಯಾಬಲ್ಲಿ ಅಳೀತಾ ಇರೋದನ್ನೇ.

ಗಾಳಿ ಬಿಸಿಯಾದ್ರೆ ತೆಳುವಾಗತ್ತೆ, ತೆಳುವಾದ್ರೆ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನ ಎಷ್ಟು ನಿಧಾನ ಮಾಡತ್ತೆ ಅನ್ನೋ ಅಳತೆ) ಇಳಿಯತ್ತೆ, ಅಂದ್ರೆ ಬೆಳಕು ಅದರೊಳಗೆ ಒಂಚೂರು ಬೇಗ ಹೋಗತ್ತೆ. ಎಷ್ಟು ಚೂರು? ಒಂದು ಡಿಗ್ರಿಗೆ ಹೆಚ್ಚುಕಮ್ಮಿ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನ ಹಿಡಿಯೋಕೆ ಒಂದು ಲೇಸರ್ ಕಿರಣವನ್ನ ಎರಡಾಗಿ ಸೀಳಿ, ಒಂದನ್ನ ಬಿಸಿ ಪ್ಲೇಟ್ ಪಕ್ಕದಿಂದ, ಇನ್ನೊಂದನ್ನ ತಣ್ಣಗಿರೋ ಗಾಳಿಯಿಂದ ಕಳಿಸಿ, ಕೊನೆಗೆ ಮತ್ತೆ ಸೇರಿಸಬೇಕು. ಬಿಸಿಗಾಳಿ ದಾಟಿದ ಕಿರಣದ ಅಲೆ ಇನ್ನೊಂದಕ್ಕಿಂತ ಚೂರು ಮುಂದಿರತ್ತೆ, ಹಾಗಾಗಿ ಎರಡೂ ಸೇರಿದಾಗ ಕಪ್ಪು-ಕೆಂಪು ಪಟ್ಟಿಗಳು ಮೂಡ್ತವೆ. ಈ ಜೋಡಣೆ ಲುಡ್ವಿಗ್ ಜೆಂಡರ್ ಅನ್ನೋ ಭೌತವಿಜ್ಞಾನಿ 1891ರಲ್ಲಿ, ಲುಡ್ವಿಗ್ ಮಾಖ್ 1892ರಲ್ಲಿ ಕೊಟ್ಟಿದ್ದು, ಎಕರ್ಟ್ ಮತ್ತು ಸೋಂಗನ್ 1948ರಲ್ಲಿ ಇದನ್ನೇ ಸಂವಹನ, ಅಂದ್ರೆ ಬಿಸಿಯಾಗಿ ಚಲಿಸೋ ಗಾಳಿ ಶಾಖ ಒಯ್ಯೋದನ್ನ, ಅಳೆಯೋಕೆ ಬಳಸಿದ್ರು.

ನಮ್ಮ ಪ್ಲೇಟ್ 10 ಸೆಂ.ಮೀ. ಎತ್ತರ, ಲೇಸರ್ ಹಾಯೋ ದಿಕ್ಕಲ್ಲಿ 30 ಸೆಂ.ಮೀ. ಉದ್ದ, ರೂಮಿಗಿಂತ 30 ಡಿಗ್ರಿ ಬಿಸಿ. ಹೀಲಿಯಂ-ನಿಯಾನ್ ಲೇಸರ್, 632.8 ನ್ಯಾನೋಮೀಟರ್. ಪ್ಲೇಟಿಂದ ಹೊರಗಿನ ತಂಪು ಗಾಳಿವರೆಗೆ ಸುಮಾರು 11 ಪಟ್ಟಿ, ಒಂದೊಂದು ಪಟ್ಟಿ ಅಂದ್ರೆ ಎರಡೂವರೆ ಡಿಗ್ರಿ ಆಸುಪಾಸು. ಕನ್ನಡಿಗಳನ್ನ ಸರಿಯಾಗಿ ಹೊಂದಿಸಿದ್ರೆ ಪ್ರತಿ ಪಟ್ಟಿಯೂ ಒಂದೇ ಉಷ್ಣತೆಯ ಗೆರೆ, ಉಷ್ಣತೆಯ ನಕ್ಷೆಯೇ ಕಣ್ಮುಂದೆ ಬಿದ್ದಂಗೆ.

ಆ ಬಿಸಿ ಪದರ ಇರೋದೇ ಒಂದೂವರೆ ಸೆಂಟಿಮೀಟರ್ ದಪ್ಪ. ಪ್ಲೇಟಿಗೆ ಅಂಟಿಕೊಂಡಿರೋ ಮೊದಲ ಮಿಲಿಮೀಟರಲ್ಲೇ ನಾಲ್ಕೂವರೆ ಡಿಗ್ರಿ ಇಳಿಯತ್ತೆ, ಪಟ್ಟಿ ಪಟ್ಟಿ ಮಧ್ಯೆ ಬರೀ ಅರ್ಧ ಮಿಲಿಮೀಟರ್ ಚಿಲ್ಲರೆ. ಮೊದಲು ನಾನು ಇಲ್ಲಿ ಥರ್ಮೋಕಪಲ್ (ಉಷ್ಣತೆ ಅಳೆಯೋ ತಂತಿ ಜೋಡಿ) ಇಟ್ಟು ಅಳೀತಿದ್ದೆ, ಅದರ ತುದಿಯ ಮಣಿಯೇ ಅರ್ಧ ಮಿಲಿಮೀಟರ್! ಅದು ಅಲ್ಲಿ ಕೂತ ಕೂಡ್ಲೇ ಗಾಳಿ ಅದನ್ನ ಸುತ್ತಿ ಹೋಗತ್ತೆ, ತಂತಿ ಬಿಸಿಯನ್ನ ಹೊರಗೆ ಒಯ್ಯತ್ತೆ, ಆಮೇಲೆ ಬರೋ ನಂಬರ್ ಯಾವುದರದ್ದು ಅಂತ ನಂಬೋದು? ಬೆಳಕು ಮಾತ್ರ ಏನನ್ನೂ ಅಲುಗಿಸದೆ ದಾಟಿ ಹೋಗತ್ತೆ. ಪ್ಲೇಟಿಗೆ ತಾಗಿರೋ ಗಾಳಿ ಚಲಿಸೋದಿಲ್ಲ, ಅಲ್ಲಿ ಶಾಖ ದಾಟೋದು ಬರೀ ವಹನದಿಂದ, ಅಂದ್ರೆ ಗಾಳಿ ಹರಿಯದೆ ಕಣದಿಂದ ಕಣಕ್ಕೆ, ಹಾಗಾಗಿ ಮಿಲಿಮೀಟರಿಗೆ ನಾಲ್ಕೂವರೆ ಡಿಗ್ರಿಯ ಆ ಇಳಿಜಾರನ್ನ ಗಾಳಿಯ ಉಷ್ಣವಾಹಕತೆಯಿಂದ ಗುಣಿಸಿ 30 ಡಿಗ್ರಿಯಿಂದ ಭಾಗಿಸಿದ್ರೆ ಆಯ್ತು, ಪ್ಲೇಟಿಂದ ಗಾಳಿಗೆ ಹೋಗೋ ಶಾಖ ಸಿಗತ್ತೆ: ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 4 ವ್ಯಾಟ್. ಇದು ಪ್ಲೇಟಿನ ಮೇಲಂಚಿನ ಲೆಕ್ಕ. ಕೆಳಗಂಚಲ್ಲಿ ಪಟ್ಟಿಗಳು ಇನ್ನೂ ಒತ್ತೊತ್ತಾಗಿ ಕೂತಿರ್ತವೆ, ಶಾಖ ಅಲ್ಲೇ ಜಾಸ್ತಿ ಹೋಗೋದು. ಪ್ಲೇಟ್ ಬಿಸಿ ಮಾಡೋ ಹೀಟರಿನ ಕರೆಂಟ್ ಅಳೆದ್ರೆ ಬರೋದು ಸರಾಸರಿ ಮಾತ್ರ, ಈ ವ್ಯತ್ಯಾಸ ಕಾಣಲ್ಲ.

ಸುರುವಿಗೆ ಮೂರು ವಾರ ಪಟ್ಟಿಗಳು ನಿಲ್ಲಲೇ ಇಲ್ಲ, ತೇಲ್ತಾನೇ ಇದ್ವು. ಮೂಲೆಯ ಫ್ಯಾನು, ಹೊರಗೆ ಓಡಾಡೋರ ಹೆಜ್ಜೆ, ಎಲ್ಲಾ ಅದಕ್ಕೆ ಗೊತ್ತಾಗತ್ತೆ. ಈಗ ರಾತ್ರಿ ಹನ್ನೊಂದರ ಮೇಲೆ ಫ್ಯಾನ್ ಆಫ್ ಮಾಡಿ, ಅರ್ಧ ಗಂಟೆ ಸುಮ್ನೆ ಕಾದು, ಆಮೇಲೆ ಫೋಟೋ ತೆಗೀತೀನಿ.

ಹಂಡೆ ನೀರಿಗೂ ಇದೇ ಮಾಡಬಹುದಾ ಅಂತ ಅವತ್ತು ಒಲೆ ಮುಂದೆ ಯೋಚಿಸಿದೆ. ನೀರಲ್ಲಿ ಡಿಗ್ರಿಗೆ ಆಗೋ ಬದಲಾವಣೆ ಗಾಳಿಗಿಂತ ನೂರು ಪಟ್ಟು, ಪಟ್ಟಿಗಳು ಎಣಿಸೋಕಾಗದಷ್ಟು ದಟ್ಟ ಆಗ್ತವೆ, ಗಾಜಿನ ಸಣ್ಣ ತೊಟ್ಟಿ ಇಟ್ಟು ಒಂದೆರಡು ಡಿಗ್ರಿ ವ್ಯತ್ಯಾಸದಲ್ಲೇ ಮಾಡಬೇಕು. ಅದಕ್ಕೂ ಮೊದಲು ಪ್ಲೇಟನ್ನ ಓರೆಯಾಗಿಟ್ಟು ತೆಗೀಬೇಕು, ಆಗ ಮೇಲ್ಮುಖದಿಂದ ಬಿಸಿಗಾಳಿ ಎಳೆಎಳೆಯಾಗಿ ಬಿಟ್ಟು ಏಳತ್ತೆ. ಲೇಸರ್ ಕೊಡೋದು ಆ 30 ಸೆಂ.ಮೀ. ದಾರಿಯ ಒಟ್ಟು ಮೊತ್ತ, ಯಾವ ಎಳೆ ಎಲ್ಲಿತ್ತು ಅಂತ ಹೇಳಲ್ಲ. ಅದಕ್ಕೇ ಬೇರೆ ಬೇರೆ ಕೋನದಿಂದ ಕಿರಣ ಹಾಯಿಸೋಕೆ ಆಗತ್ತಾ ಅಂತ ಈಗ ಕನ್ನಡಿ ಸ್ಟ್ಯಾಂಡುಗಳ ಜಾಗ ಅಳೀತಾ ಇದೀನಿ.