ಇಳಕಲ್ ಸೀರೆ ಕ್ಯಾಟಲಾಗ್: ಕೆಲಸ ಎಲ್ಲಿಗೆ ಬಂತು

ಸೋದರಮಾವನ ಮನೆಯಲ್ಲಿ ನೇಯುವ ಇಳಕಲ್ ಸೀರೆಗಳಿಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡುವ ಕೆಲಸ ಒಂದು ಹದಕ್ಕೆ ಬಂದಿದೆ. ಆರು ಗಜದ ಸೀರೆಗಳ ಫೋಟೊ ಮುಗಿದಿವೆ. ಅವನ್ನು ಹೇಗೆ ಜೋಡಿಸಬೇಕು ಅನ್ನುವುದೇ ಈ ವಾರದ ದೊಡ್ಡ ಚರ್ಚೆ.

ಮಾವ ಸೀರೆ ಗುರುತಿಸುವುದು ದಡಿಯಿಂದ, ಅಂದರೆ ಅಂಚಿನಿಂದ. ಗೋಮಿ, ಚಿಕ್ಕಿ ಪರಾಸ, ದೊಡ್ಡ ಪರಾಸ, ಗಾಡಿದಡಿ. ಊರ ಕಡೆಯ ಹೆಂಗಸರೂ ಹಾಗೇ ಕೇಳುತ್ತಾರೆ: "ಗಾಡಿದಡಿ ಒಳಗ ಗಿಳಿ ಹಸಿರು ಐತೇನ್ರಿ?" ಬೆಂಗಳೂರಿನಿಂದ ಬರುವ ಮೆಸೇಜೇ ಬೇರೆ. "ಪೂರ್ತಿ ಕಾಟನ್ನಾ? ಮನೇಲೇ ಒಗೀಬಹುದಾ?" ಅಂಗಡಿಯವರಿಗೆ ರೇಟು ಮತ್ತು ಒಂದೇ ಬಣ್ಣದಲ್ಲಿ ಎಷ್ಟು ಪೀಸ್ ಸಿಗುತ್ತೆ, ಅಷ್ಟು ಗೊತ್ತಾದರೆ ಸಾಕು.

ಕೊನೆಗೆ ನೂಲಿನ ಪ್ರಕಾರ ವಿಂಗಡಿಸಿದೆವು: ಕಾಟನ್, ರೇಷ್ಮೆ-ಕಾಟನ್, ಪೂರ್ತಿ ರೇಷ್ಮೆ. ಬೆಲೆ ಜಾಸ್ತಿ ಬದಲಾಗುವುದು ನೂಲಿನಿಂದಲೇ. ಹೊಸಬರು ಮೊದಲು ಕೇಳುವುದೂ ಅದನ್ನೇ. ದಡಿಯ ಹೆಸರು ಪ್ರತಿ ಸೀರೆಯ ಹೆಸರಲ್ಲೇ ಇದೆ, ಹಾಗಾಗಿ ಗೊತ್ತಿರುವವರು ಹುಡುಕಾಡಬೇಕಿಲ್ಲ. ಅಂಗಡಿಯವರಿಗೆ ಒಂದು ಪುಟದ ಪಿಡಿಎಫ್ ಬೇರೆ. ಸಗಟು ರೇಟು ಎಲ್ಲರ ಕಣ್ಣಿಗೂ ಬೀಳಬಾರದು, ಅಲ್ವಾ?

ಕ್ಯಾಟಲಾಗ್‌ನಲ್ಲಿ 500 ಐಟಂ ಹಾಕಬಹುದು. ನಮಗೆ ಅಷ್ಟು ಬೇಡ. ಕೈಯಲ್ಲಿರುವುದನ್ನು ಮಾತ್ರ ತೋರಿಸಿ, ಮಾರಿದ್ದನ್ನು ಅವತ್ತೇ ಹೈಡ್ ಮಾಡುತ್ತಿದ್ದೇವೆ.

ನನಗೆ ತುಂಬ ಖುಷಿ ಕೊಟ್ಟಿದ್ದು ಪ್ರತಿ ಸೀರೆಯ ಮೂರನೇ ಫೋಟೊ. ಮೊದಲನೆಯದು ಇಡೀ ಸೀರೆ, ಎರಡನೆಯದು ದಡಿ, ಮೂರನೆಯದು ಒಡಲು ಮತ್ತು ಸೆರಗು ಕೂಡುವ ಜಾಗ. ಇಳಕಲ್ ಸೀರೆಯ ಜೀವ ಇರುವುದೇ ಅಲ್ಲಿ. ಸೆರಗಿನ ಹಾಸು (ಮಗ್ಗದ ಉದ್ದ ಎಳೆಗಳು) ಬೇರೆ, ಒಡಲಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಸೇರಿಸಿ, ಹೊಕ್ಕು (ಅಡ್ಡ ಎಳೆ) ಹಾಯಿಸಿ ಬಿಗಿ ಮಾಡುತ್ತಾರೆ. ಪ್ರತಿ ಸೀರೆಗೂ ಇದನ್ನು ಹೊಸದಾಗಿಯೇ ಮಾಡಬೇಕು. ಉದ್ದಕ್ಕೆ ಹಾಸು ಹಾಕಿ ಸಾಲಾಗಿ ನಾಲ್ಕಾರು ಸೀರೆ ನೇಯ್ದು ಕತ್ತರಿಸುವ ಮಾತೇ ಇಲ್ಲ. ಫೋಟೊದಲ್ಲಿ ಆ ಕೊಂಡಿಗಳ ಸಾಲು ಎದ್ದು ಕಾಣುತ್ತದೆ. ಕೆಳಗೆ ಎರಡೇ ಸಾಲು ವಿವರಣೆ ಬರೆದಿದ್ದೇನೆ. "ಇಷ್ಟು ರೇಟು ಯಾಕೆ?" ಅಂದವರಿಗೆ ಮೊದಲು ಈ ಫೋಟೊ ಕಳಿಸುತ್ತೇವೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆಯ ವಿಷಯವನ್ನು ಅದರ ನಂತರ ಇಟ್ಟಿದ್ದೇನೆ. ಕೈಕೆಲಸ ಕಂಡ ಮೇಲೆ ಆ ಮಾತಿಗೆ ತೂಕ ಬರುತ್ತದೆ.

ಬಣ್ಣದ ಕೆಲಸ ಇನ್ನೂ ಬಾಕಿ. ಟ್ಯೂಬ್‌ಲೈಟಿನಲ್ಲಿ ದಾಳಿಂಬೆ ಕೆಂಪು ಸಪ್ಪೆಯಾಗಿ ಕಾಣುತ್ತದೆ. ಅಂಥ ಸೀರೆಗಳನ್ನು ಬೆಳಗ್ಗೆ ಪಡಸಾಲೆಯ ನೆರಳಿನಲ್ಲಿ ಮತ್ತೆ ತೆಗೆಯಬೇಕು.

ಒಂಬತ್ತು ಗಜದವಕ್ಕೆ ಬೇರೆ ಕಲೆಕ್ಷನ್ ಬೇಕೇ ಬೇಕು ಅನ್ನುತ್ತಾರೆ ಅತ್ತೆ. ಕಚ್ಚೆ ಹಾಕಿ ಉಡುವವರು ಆರು ಗಜದ್ದನ್ನು ತಿರುಗಿಯೂ ನೋಡುವುದಿಲ್ಲವಂತೆ. ಸರಿಯಾದ ಮಾತು. ಅದಕ್ಕೆ ಹೊಂದುವ ಗುಳೇದಗುಡ್ಡ ಖಣವನ್ನೂ (ಕುಪ್ಪಸದ ಬಟ್ಟೆ) ಪಕ್ಕದಲ್ಲೇ ಇಟ್ಟು ಫೋಟೊ ತೆಗೆಯುವುದು ಮುಂದಿನ ಕೆಲಸ.