ಬ್ರೋಕನ್ ಹಿಲ್‌ಗೆ ಹೋಗೋರಿದ್ರೆ ಒಂದೇ ರಾತ್ರಿ ಬುಕ್ ಮಾಡ್ಬೇಡಿ

ಸಿಡ್ನಿಯಿಂದ ಅಡಿಲೇಡ್‌ನಲ್ಲಿರೋ ಅಕ್ಕನ ಮನೆಗೆ ಪ್ರತಿ ಸಲ ಫ್ಲೈಟಲ್ಲೇ ಹೋಗ್ತಿದ್ವಿ. ಈ ಜುಲೈ ರಜೇಲಿ ಮಾವ ಅತ್ತೆ ಊರಿಂದ ಬಂದಿದ್ರು, ಮಾವ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣೀಲಿ ಕೆಲ್ಸ ಮಾಡಿದೋರು, 2001ರಲ್ಲಿ ಗಣಿ ಮುಚ್ಚೋವರ್ಗೂ ಅಲ್ಲೇ ಇದ್ರು. ಅವರಿಗೆ ಆಪೆರಾ ಹೌಸ್ ತೋರ್ಸಿದ್ರೆ "ಚೆನ್ನಾಗಿದೆ" ಅಂದು ಸುಮ್ನಾದ್ರು, ಸರಿ ಹಾಗಾದ್ರೆ ಕಾರಲ್ಲೇ ಹೋಗೋಣ, ದಾರೀಲಿ ಹಳೇ ಗಣಿ ಊರು ಬ್ರೋಕನ್ ಹಿಲ್ ನೋಡ್ಕೊಂಡು ಹೋಗೋಣ ಅಂತ ಹೊರಟ್ವಿ. ಹೋಗೋ ಪ್ಲಾನ್ ಇರೋರಿಗೆ ನಾವು ಮಾಡಿದ ತಪ್ಪುಗಳ ಸಮೇತ ಬರೀತಿದೀನಿ.

ಮೊದ್ಲು ದೂರ. ಸಿಡ್ನಿಯಿಂದ ಹತ್ರತ್ರ 1150 ಕಿ.ಮೀ., ಅಡಿಲೇಡಿಂದ ಆದ್ರೆ 500 ಚಿಲ್ರೆ ಅಷ್ಟೇ. ಒಂದೇ ದಿನಕ್ಕೆ ಹೊಡೀತೀನಿ ಅನ್ನೋ ಶೌರ್ಯ ಬೇಡ, ನಾವು ಡಬ್ಬೋ, ನಿಂಗನ್ ದಾಟಿ ಕೋಬಾರ್‌ನಲ್ಲಿ ರಾತ್ರಿ ಉಳಿದ್ವಿ. ಅಲ್ಲಿಂದ ವಿಲ್ಕ್ಯಾನಿಯಾಗೆ 260, ವಿಲ್ಕ್ಯಾನಿಯಾದಿಂದ ಬ್ರೋಕನ್ ಹಿಲ್‌ಗೆ ಇನ್ನೂ 195 ಕಿ.ಮೀ., ಮಧ್ಯೆ ಏನೂ ಇಲ್ಲ ಅಂದ್ಕೊಂಡೇ ಹೊರಡಿ. ಬಂಕ್ ಕಂಡಾಗೆಲ್ಲ ಟ್ಯಾಂಕ್ ಫುಲ್ ಮಾಡಿಸ್ಬಿಡಿ, ತಲೆಗೆ ಐದು ಲೀಟರ್ ಆದ್ರೂ ನೀರು ಇಟ್ಕೊಳ್ಳಿ. ಕತ್ತಲಾದ್ಮೇಲೆ ಮತ್ತೆ ಬೆಳಕು ಹರಿಯೋ ಮುಂಚೆ ದಯವಿಟ್ಟು ಓಡಿಸ್ಬೇಡಿ, ಕಾಂಗರೂ ಎಲ್ಲಿಂದ ನೆಗೆಯುತ್ತೆ ಅಂತ ಗೊತ್ತಾಗಲ್ಲ. ರೋಡ್ ಟ್ರೈನ್ ಅಂತ ಬರ್ತವೆ, ಲಾರಿಗೆ ಟ್ರೇಲರ್ ಹಿಂದೆ ಟ್ರೇಲರ್ ಕಟ್ಟಿ 30 ಮೀಟರ್ ದಾಟಿರುತ್ತೆ, ಓವರ್‌ಟೇಕ್ ಮಾಡೋಕೆ ನೇರ ರಸ್ತೆ ಕಣ್ಣಿಗೆ ಕಾಣೋವಷ್ಟು ದೂರ ಖಾಲಿ ಇದ್ರೆ ಮಾತ್ರ ಹೋಗಿ. ಊರು ದಾಟಿದ್ರೆ ಫೋನ್ ಸಿಗ್ನಲ್ ಟೆಲ್‌ಸ್ಟ್ರಾ ಕಂಪನೀದು ಬಿಟ್ರೆ ಬೇರೆದು ಸಿಗೋದು ಕಷ್ಟ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಈಗ ನಮ್ಮ ಮೊದ್ಲ ಪೆದ್ದುತನ. ಬ್ರೋಕನ್ ಹಿಲ್ ನ್ಯೂ ಸೌತ್ ವೇಲ್ಸ್‌ಗೇ ಸೇರಿದ್ರೂ ಗಡಿಯಾರ ಮಾತ್ರ ಸೌತ್ ಆಸ್ಟ್ರೇಲಿಯಾದ್ದು, ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ನನ್ನ ಫೋನು ಸಿಡ್ನಿ ಟೈಮೇ ತೋರಿಸ್ತಾ ಇತ್ತು. ಬೆಳಿಗ್ಗೆ ಡೇಡ್ರೀಮ್ ಮೈನ್ ಟೂರಿಗೆ ಲೇಟಾಯ್ತು ಲೇಟಾಯ್ತು ಅಂತ ಅತ್ತೇನ ಅರ್ಧ ಕಾಫೀಲೇ ಎಬ್ಬಿಸಿ ಮಣ್ಣು ರೋಡಲ್ಲಿ ಗಡಗಡ ಹೋದ್ರೆ ಅಲ್ಲಿ ಇನ್ನೂ ಯಾರೂ ಇಲ್ಲ. ಕೊರೆಯೋ ಗಾಳೀಲಿ ನಿಂತ್ಕೊಂಡು ಬೈಸ್ಕೊಂಡೆ. ಜುಲೈಲಿ ಹಗಲು ಹಿತವಾಗಿರುತ್ತೆ ಆದ್ರೆ ರಾತ್ರಿ, ಮುಂಜಾನೆ ಸ್ವೆಟರ್ ಟೋಪಿ ಎರಡೂ ಬೇಕು. ಬೇಸಿಗೇಲಿ 40 ದಾಟುತ್ತೆ, ಮಕ್ಕಳು ವಯಸ್ಸಾದೋರು ಇದ್ರೆ ಡಿಸೆಂಬರ್ ಜನವರಿ ಮರ್ತುಬಿಡಿ. ಆಗಸ್ಟಲ್ಲಿ ಹೋಗೋದಾದ್ರೆ ಮುಂಡಿ ಮುಂಡಿ ಬ್ಯಾಷ್ ಅನ್ನೋ ಮ್ಯೂಸಿಕ್ ಹಬ್ಬದ ಡೇಟ್ ನೋಡ್ಕೊಳ್ಳಿ, ಆಗ ರೂಮ್ ಸಿಗಲ್ಲ.

ಆ ಡೇಡ್ರೀಮ್ ಗಣಿ 1880ರ ದಶಕದ್ದು, ಒಳಗೆ ಬಗ್ಗಿ ಬಗ್ಗಿ ನಡೀಬೇಕು. ಮಂಡಿನೋವು ಇರೋರು ಮೇಲೇ ಕೂತು ಟೀ ಕುಡಿಯೋದು ವಾಸಿ, ಅತ್ತೆ ಹಾಗೇ ಮಾಡಿದ್ರು. ಮಾವ ಮಾತ್ರ ಹೆಲ್ಮೆಟ್ ಕೈಗೆ ಬಂದ ತಕ್ಷಣ ಯಾರೂ ಹೇಳ್ಕೊಡದೆ ಪಟ್ಟಿ ಬಿಗಿದು ದೀಪ ಸರಿ ಮಾಡ್ಕೊಂಡು ಮುಂದೆ ನಿಂತ್ರು. ಒಳಗೆ ಗೈಡ್ ಏನೋ ಹೇಳ್ತಿದ್ರೆ ಇವರು ಬೆರಳಲ್ಲಿ ಮೇಲಿನ ಬಂಡೆ ಟಕಟಕ ತಟ್ಟಿ ಕಿವಿ ಕೊಟ್ಟು ಕೇಳ್ತಿದ್ರು.

ಊರಿನ ಕತೆ ಸ್ವಲ್ಪ ಗೊತ್ತಿದ್ರೆ ನೋಡೋಕೆ ಮಜಾ ಇರುತ್ತೆ. 1883ರಲ್ಲಿ ಚಾರ್ಲ್ಸ್ ರಾಸ್ಪ್ ಅಂತ ಕುರಿ ಫಾರ್ಮಿನ ಬೇಲಿ ನೋಡ್ಕೊಳ್ಳೋನು ಈ ಗುಡ್ಡದಲ್ಲಿ ತವರ ಇದೆ ಅಂದ್ಕೊಂಡ, ಸಿಕ್ಕಿದ್ದು ಬೆಳ್ಳಿ, ಸೀಸ, ಸತು. 1885ರಲ್ಲಿ ಶುರುವಾದ ಕಂಪನೀನೇ ದೊಡ್ಡ ಗಣಿ ಕಂಪನಿ ಬಿಎಚ್‌ಪಿ, ಆ ಹೆಸರಲ್ಲಿರೋ ಬಿಎಚ್ ಅಂದ್ರೆ ಬ್ರೋಕನ್ ಹಿಲ್ಲೇ. ಹೆಸರು ಕೊಟ್ಟ ಗುಡ್ಡ ಈಗ ಇಲ್ಲ, ಅಗೆದು ಮುಗಿಸಿದಾರೆ. ಅದರ ಜಾಗದಲ್ಲಿ ಊರಿನ ನಡುವೇನೇ ಕಪ್ಪಗೆ ಗಣಿಮಣ್ಣಿನ ದಿಬ್ಬ ನಿಂತಿದೆ, ನಮ್ಮ ಕೆಜಿಎಫ್‌ನ ಸಯನೈಡ್ ದಿಬ್ಬದ ತಮ್ಮನ ಥರ. ಬೀದಿ ಹೆಸರುಗಳೋ ಆರ್ಜೆಂಟ್, ಆಕ್ಸೈಡ್, ಕ್ಲೋರೈಡ್, ಸಲ್ಫೈಡ್, ಬ್ರೋಮೈಡ್! ಮಗಳು ಕೆಮಿಸ್ಟ್ರಿ ಟೆಸ್ಟ್ ಇಲ್ಲೂ ಬಿಡ್ಲಿಲ್ವಲ್ಲಾ ಅಂದ್ಲು. ಸೀಸದ ಊರಾದ್ರಿಂದ ಧೂಳಲ್ಲೂ ಸೀಸ ಇರುತ್ತೆ, ಚಿಕ್ಕಮಕ್ಕಳಿದ್ರೆ ಮಣ್ಣಲ್ಲಿ ಆಡಿದ್ಮೇಲೆ, ಊಟಕ್ಕೆ ಮುಂಚೆ ಕೈ ತೊಳೆಸಿ.

ಆ ದಿಬ್ಬದ ಮೇಲೆ ಗಣಿ ಕಾರ್ಮಿಕರ ಸ್ಮಾರಕ ಇದೆ, ಕಾರ್ ಮೇಲ್ತನಕ ಹೋಗುತ್ತೆ. ಸತ್ತ 800ಕ್ಕೂ ಹೆಚ್ಚು ಜನರ ಹೆಸರು, ಜೊತೆಗೆ ಹೇಗೆ ಸತ್ರು ಅಂತ. ನಾವು ಇದಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ವಿ. ಮಾವ ಕನ್ನಡಕ ಹಾಕ್ಕೊಂಡು ಮೊದಲ್ನೇ ಹೆಸರಿಂದ ಓದೋಕೆ ಶುರು ಮಾಡಿದ್ರು, ಬಂಡೆ ಬಿದ್ದು ಸತ್ತೋರ ಹೆಸರು ಬಂದಾಗೆಲ್ಲ "ಏರ್ ಬ್ಲಾಸ್ಟು" ಅಂತ ತಮಗೇ ಹೇಳ್ಕೊಳ್ತಿದ್ರು, ಕೆಜಿಎಫ್‌ನಲ್ಲಿ ಆಳದಲ್ಲಿ ಬಂಡೆ ಸಿಡಿಯೋದಕ್ಕೆ ಹಾಗೇ ಅಂತಾರೆ. ಸ್ಮಾರಕ ಆಗಿದ್ದು 2001ರಲ್ಲಿ ಅಂತ ನಾನು ಹೇಳಿದಾಗ ತಿರುಗಿ ನೋಡಿ "ನಮ್ದು ಮುಚ್ಚಿದ ವರ್ಷ" ಅಂದ್ರು ಅಷ್ಟೇ. ಒಂದೂವರೆ ಗಂಟೆ ಆಯ್ತು, ಆವತ್ತಿನ ಮಿಕ್ಕ ಪ್ಲಾನೆಲ್ಲ ಕ್ಯಾನ್ಸಲ್. ಅದಕ್ಕೇ ಹೇಳ್ತಿರೋದು, ಕಡಿಮೆ ಅಂದ್ರೆ ಮೂರು ರಾತ್ರಿ ಇಟ್ಕೊಳ್ಳಿ.

ಸಂಜೆಗೆ ಲಿವಿಂಗ್ ಡೆಸರ್ಟ್. ಊರಿಂದ 12 ಕಿ.ಮೀ., ಗುಡ್ಡದ ಮೇಲೆ 1993ರಲ್ಲಿ ಕೆತ್ತಿದ 12 ಕಲ್ಲಿನ ಶಿಲ್ಪ, ಒಳಗೆ ಹೋಗೋಕೆ ಫೀಸ್ ಇದೆ. ಸೂರ್ಯ ಮುಳುಗೋ ಒಂದು ಗಂಟೆ ಮುಂಚೆ ಹೋಗಿ. ಇನ್ನೊಂದು ದಿನ ಸಿಲ್ವರ್‌ಟನ್ ಅನ್ನೋ ಹಳೇ ಗಣಿ ಹಳ್ಳಿ, 25 ಕಿ.ಮೀ., ರಸ್ತೆ ಅಲೆ ಅಲೆಯಾಗಿ ಇಳಿದು ಏರುತ್ತೆ, ಹಿಂದೆ ಕೂತೋರಿಗೆ ವಾಂತಿ ಬರೋದುಂಟು. ಮ್ಯಾಡ್ ಮ್ಯಾಕ್ಸ್ 2 ಶೂಟಿಂಗ್ ಆಗಿದ್ದು ಇಲ್ಲೇ, ಕತ್ತೆಗಳು ರೋಡಲ್ಲೇ ಓಡಾಡ್ಕೊಂಡಿರ್ತವೆ. ಅಲ್ಲಿಂದ ಐದು ಕಿ.ಮೀ. ಮುಂದೆ ಮುಂಡಿ ಮುಂಡಿ ಬಯಲು, ಮನೆಯಿಲ್ಲ ಮಠವಿಲ್ಲ, ಮಾತಾಡೋಕೂ ಮನಸ್ಸು ಬರಲ್ಲ.

ಮುಟವಿಂಜಿ ನ್ಯಾಷನಲ್ ಪಾರ್ಕ್‌ನಲ್ಲಿ ಆದಿವಾಸಿಗಳ ಬಂಡೆ ಚಿತ್ರ ನೋಡ್ಬೇಕು ಅಂತ ಆಸೆ ಇತ್ತು, ಹಿಂದಿನ ದಿನ ಮಳೆಯಾಗಿ ಮಣ್ಣು ರಸ್ತೆ ಬಂದ್. ಬಂದ್ ಮಾಡಿದ ರಸ್ತೇಲಿ ಹೋದ್ರೆ ದಂಡ ಬೀಳುತ್ತೆ. ಬಾಡಿಗೆ ಕಾರಾದ್ರೆ ಮಣ್ಣು ರಸ್ತೆಗೆ ಇನ್ಶೂರೆನ್ಸ್ ಇದ್ಯಾ ಅಂತ ಮೊದ್ಲೇ ಕೇಳಿ. ಅದರ ಬದ್ಲು 110 ಕಿ.ಮೀ. ಟಾರ್ ರಸ್ತೇಲಿ ಮೆನಿಂಡಿ ಕೆರೆಗಳಿಗೆ ಹೋದ್ವಿ, ನೀರಲ್ಲಿ ನಿಂತ ಒಣಮರ, ಪೆಲಿಕನ್ನು, ಪರವಾಗಿಲ್ಲ.

ತಪ್ಪಿಸ್ಬಾರದ ಇನ್ನೊಂದು ಅಂದ್ರೆ ತಗಡಿನ ಮಸೀದಿ. 1887-91ರ ಸುಮಾರಿನದ್ದು, ಒಂಟೆ ಮೇಲೆ ಸಾಮಾನು ಸಾಗಿಸೋರು ಕಟ್ಕೊಂಡಿದ್ದು. ಅವರನ್ನ ಎಲ್ಲರೂ ಅಫ್ಘಾನ್ ಅಂತಿದ್ರು ಆದ್ರೆ ಪಂಜಾಬ್, ಸಿಂಧ್, ಬಲೂಚಿಸ್ತಾನ್ ಕಡೆಯೋರೂ ಇದ್ರಂತೆ. ಈಗ ಚಿಕ್ಕ ಮ್ಯೂಸಿಯಮ್ಮು, ವಾರಪೂರ್ತಿ ತೆಗೆದಿರಲ್ಲ, ಟೈಮ್ ಕೇಳ್ಕೊಂಡು ಹೋಗಿ.

ಊಟ? ವೆಜ್ ಆದ್ರೆ ಚಿಪ್ಸು, ಪಿಜ್ಜಾ. ಕೋಲ್ಸ್, ವೂಲ್‌ವರ್ತ್ಸ್ ಸೂಪರ್‌ಮಾರ್ಕೆಟ್ ಎರಡೂ ಇವೆ, ಅಡುಗೆಮನೆ ಇರೋ ರೂಮ್ ತಗೊಂಡು ಕುಕ್ಕರ್ ಒಯ್ಯಿರಿ. ಬೆಲ್ಸ್ ಮಿಲ್ಕ್ ಬಾರ್‌ನಲ್ಲಿ ಮಿಲ್ಕ್‌ಶೇಕ್ ಮಾತ್ರ ಕುಡೀಲೇಬೇಕು.

ಕೊನೇದಾಗಿ ಅಡಿಲೇಡ್ ಕಡೆ ಹೋಗೋರಿಗೆ. ಊಡ್ಲಾ ವಿರ್ರಾ ಅನ್ನೋ ಕಡೆ ತಪಾಸಣೆ ಇದೆ, ಹಣ್ಣುನೊಣದ ಕಾರಣಕ್ಕೆ ಹಣ್ಣು ಒಳಗೆ ಬಿಡಲ್ಲ, ಟೊಮೇಟೊ, ಮೆಣಸಿನಕಾಯೀನೂ ಅದೇ ಲೆಕ್ಕ. ನಮ್ಮ ಹಿತ್ತಲಲ್ಲಿ ಬೆಳೆದ ಒಂದು ಚೀಲ ಹಸಿಮೆಣಸಿನಕಾಯಿ ಅಕ್ಕಂಗೆ ಅಂತ ಅತ್ತೆ ಐಸ್ ಬಾಕ್ಸಲ್ಲಿ ಜೋಪಾನವಾಗಿ ತಂದಿದ್ರು. ಕೇಳಿದಾಗ ಎತ್ತಿ ಕೊಟ್ವಿ, ಬಿನ್ನಿಗೆ ಹೋಯ್ತು. ರಾತ್ರಿ ಅಡಿಲೇಡ್ ತಲುಪಿ ಕಾರ್ ಬಾಗ್ಲು ತೆಗೀತಿದ್ದ ಹಾಗೇ ಅಕ್ಕ ಕೇಳಿದ್ದು, "ಮೆಣಸಿನಕಾಯಿ ಎಲ್ರೋ?"